ಪಾಲಿಕೆ ವಕೀಲರು ನಿಮ್ಮ ಪರವಾಗಿ ಕೇಸ್ ಹಾಕುವುದಿಲ್ಲ, ಅಕ್ಕಾ

ದಾವಣಗೆರೆಯ ನಿಟುವಳ್ಳಿಯಲ್ಲಿ ಪಕ್ಕದ ಮನೆ ಬೇವಿನ ಮರ ನಿಮ್ಮ ಟೆರೇಸ್ ಕಡೆ ವಾಲಿದೆ, ಬೇರು ನುಗ್ಗಿ ಕಾಂಪೌಂಡ್ ಬಿರುಕು ಬಿಟ್ಟಿದೆ, ಕೇಳಿದರೆ "ಕಾಂಪೌಂಡೇ ನಮ್ಮ ಜಾಗದಲ್ಲಿದೆ" ಅಂತ ಅವರು ತಿರುಗಿ ಬೀಳುತ್ತಾರೆ. ಪಾಲಿಕೆಯ ಕಾನೂನು ವಿಭಾಗಕ್ಕೆ ಅರ್ಜಿ ಕೊಟ್ಟರೆ ಅವರೇ ಕೇಸ್ ಹಾಕುತ್ತಾರಾ ಅಂತ ಕೇಳಿದ್ದೀರಿ. ಇಲ್ಲ ಅಕ್ಕಾ.

ಆ ವಿಭಾಗ ಇರುವುದು ಪಾಲಿಕೆಗಾಗಿ. ಪಾಲಿಕೆ ಮೇಲೆ ಯಾರಾದರೂ ದಾವೆ ಹಾಕಿದರೆ ಉತ್ತರ ಕೊಡುವುದು, ಪಾಲಿಕೆ ನೇಮಿಸಿಕೊಂಡ ಪ್ಯಾನೆಲ್ ವಕೀಲರಿಗೆ ಕಡತ ಕಳಿಸುವುದು, ಆಯುಕ್ತರು ಕೇಳಿದರೆ ಅಭಿಪ್ರಾಯ ಬರೆಯುವುದು, ಇಷ್ಟು. ನೀವು ಎರಡು ಪುಟ ಬರೆದು ಕೊಟ್ಟರೂ ಕೊನೆಗೆ ಬರುವುದು ಒಂದು ಸಾಲಿನ ಹಿಂಬರಹ: "ಖಾಸಗಿ ವ್ಯಾಜ್ಯವಾಗಿರುವುದರಿಂದ ಸಿವಿಲ್ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳುವುದು." ಸುಮ್ನೆ ಓಡಾಟ.

ಆದರೆ ಮರದ ವಿಷಯ ಬೇರೆ, ಜಾಗದ ವಿಷಯ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಬೇಡಿ, ಬೆರೆಸಿದರೆ ಎರಡೂ ಕೆಡುತ್ತವೆ.

ಮರ ಬೀಳುವ ಹಾಗಿದ್ದರೆ ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಆಯುಕ್ತರಿಗೆ ಇದೆ. ಅರ್ಜಿ ಅವರ ಹೆಸರಿಗೇ ಬರೆಯಿರಿ, ಪಾಲಿಕೆಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಿಎನ್‌ಎಸ್‌ಎಸ್ (ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನು) ಕಲಂ 152, ಅಂದರೆ 2024ರ ಜುಲೈಗೆ ಮುಂಚೆ ಸಿಆರ್‌ಪಿಸಿ 133 ಇತ್ತಲ್ಲ ಅದೇ, ಅದರಲ್ಲಿ ಜನರ ಮೇಲೆ ಬೀಳಬಹುದಾದ ಮರದ ಮಾತು ನೇರವಾಗಿಯೇ ಇದೆ. ಅದಕ್ಕೆ ಹೋಗಬೇಕಾದದ್ದು ಕಾರ್ಯನಿರ್ವಾಹಕ ದಂಡಾಧಿಕಾರಿ ಹತ್ತಿರ, ಉದಾಹರಣೆಗೆ ಉಪವಿಭಾಗಾಧಿಕಾರಿ (ಎಸಿ). ಬುಡಸಮೇತ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಯಾರೋ ಮೇಲೆ ಕಾಮೆಂಟ್‌ನಲ್ಲಿ "ರಾತ್ರಿ ಬುಡಕ್ಕೆ ಆಸಿಡ್ ಹಾಕಿ" ಅಂದಿದ್ದಾರೆ, ಗಾರ್ಡನ್ ಗ್ರೂಪಿನಲ್ಲಿ ಇಂಥ ಸಲಹೆಯೇ?! ಕೇಸ್ ನಿಮ್ಮ ಮೇಲೇ ತಿರುಗುತ್ತೆ, ಹುಷಾರು.

ಇನ್ನು ಕಾಂಪೌಂಡ್ ಯಾರ ಜಾಗ ಅನ್ನೋದು. ಅವರು ಖಾತೆ ತೋರಿಸಿದರು ಅಂತ ಬರೆದಿದ್ದೀರಿ. ಖಾತೆ ಕಂದಾಯ ಕಟ್ಟೋಕೆ, ಮಾಲೀಕತ್ವಕ್ಕೆ ಅದೊಂದೇ ಸಾಲದು. ಇಬ್ಬರ ಕ್ರಯಪತ್ರದ ಚೆಕ್‌ಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಮತ್ತು ಅಳತೆ ನೋಡಿ. ಬಡಾವಣೆಯ ಮಂಜೂರಾದ ನಕ್ಷೆ ದೂಡಾದಲ್ಲಿ (ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ) ಸಿಗುತ್ತಾ ಕೇಳಿ. ಕೊಡದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಇದೆ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜಗಳದ ಕಥೆ ಎಲ್ಲಾ ಬೇಡ.

ವಕೀಲರ ಫೀಸ್ ಚಿಂತೆ ಅಂದಿರಲ್ವಾ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅದು ಪಾಲಿಕೆಗೆ ಸೇರಿದ್ದಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ, ಫೋನ್ 15100. ಕೇಸ್ ಹಾಕುವ ಮುಂಚೆಯೇ ರಾಜಿ ಮಾಡಿಸುವ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು. ಪಕ್ಕದವರು ಒಪ್ಪಿ ಸಹಿ ಹಾಕಿದರೆ ಅದು ಕೋರ್ಟ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಒಪ್ಪದಿದ್ದರೆ ಮಾತ್ರ ಸಿವಿಲ್ ದಾವೆ.

ಬಿರುಕಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದಿಡಿ, ಮಳೆಗಾಲ ಶುರುವಾಗುವ ಮುಂಚೆ ಒಂದು, ಆಮೇಲೆ ಒಂದು. ಕ್ರಯಪತ್ರದ ಅಳತೆ ಸಿಕ್ಕರೆ ಇಲ್ಲೇ ಬರೆಯಿರಿ, ನೋಡೋಣ.