ತಮಿಳುನಾಡಿನ ತಳಿ, ಡೆಂಕಣಿಕೋಟೆ ಕಡೆ ಈಜುಕೊಳ, ಕ್ಲಬ್‌ಹೌಸ್ ಇರುವ ವೀಕೆಂಡ್ ಲೇಔಟ್‌ನಲ್ಲಿ ಸೈಟು ಕೊಂಡರೆ ಅಸೋಸಿಯೇಷನ್ ಜೊತೆ ಬದುಕು ಹೇಗಿರುತ್ತೆ?

ಜಗಳ ಶುರುವಾಗುವುದೇ ಈಜುಕೊಳದಿಂದ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬಂದು ಹೋಗುವವರು ‘ನಾವು ಬಳಸೋದೇ ಇಲ್ಲ, ಮೇಂಟೆನೆನ್ಸ್ ಯಾಕೆ ಕೊಡಬೇಕು’ ಅಂತಾರೆ. ಆದರೆ ಯಾರೂ ಇಳಿಯದಿದ್ದರೂ ಕ್ಲೋರಿನ್ ಹಾಕಲೇಬೇಕು, ಪಂಪ್ ಓಡಿಸಲೇಬೇಕು. ಬಿಟ್ಟರೆ ನೀರೆಲ್ಲ ಪಾಚಿ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್ ಬಿಲ್ಲು ಬೇರೆ.

ಜಾಸ್ತಿ ಜನ ಗಮನಿಸದ ವಿಷಯ ರಸ್ತೆ. ತಮಿಳುನಾಡಿನಲ್ಲಿ ಲೇಔಟ್‌ಗೆ ಮಂಜೂರಾತಿ ಬೇಕಾದರೆ ಒಳಗಿನ ರಸ್ತೆಗಳನ್ನು ಪಂಚಾಯಿತಿಗೆ ದಾನಪತ್ರ ಮಾಡಿಕೊಡಬೇಕು. 10,000 ಚದರ ಮೀಟರ್ ಮೀರಿದ ಲೇಔಟ್ ಆದರೆ, ರಸ್ತೆ ಬಿಟ್ಟು ಉಳಿದದ್ದರಲ್ಲಿ 10% ಜಾಗ ಪಾರ್ಕಿಗೆ ಅಂತ ಹೀಗೇ ಹೋಗುತ್ತದೆ. ಅಂದರೆ ಗೇಟ್ ಹಾಕಿ ‘ಹೊರಗಿನವರಿಗೆ ಪ್ರವೇಶವಿಲ್ಲ’ ಅಂತ ಬೋರ್ಡ್ ತಗುಲಿಸಿದರೂ ಆ ರಸ್ತೆ ಅಸೋಸಿಯೇಷನ್‌ದಲ್ಲ. ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದರೆ ತಡೆಯುವಂತಿಲ್ಲ. ತಡೆಯುವುದು ಸರಿಯೂ ಅಲ್ಲ, ಅಲ್ವಾ?

ಕ್ಲಬ್‌ಹೌಸ್ ಯಾರ ಹೆಸರಿನಲ್ಲಿದೆ ಅಂತ ಮೊದಲೇ ಪತ್ರ ನೋಡಿ. ಅದು ಬಿಲ್ಡರ್ ಹೆಸರಿನಲ್ಲೇ ಉಳಿದಿದ್ದರೆ ದುಡ್ಡು ನಿಮ್ಮದು, ಬೀಗ ಅವರದು. ಬ್ರೋಷರ್ ನೋಡಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ.

ಮನೆಗಳ ಅಸೋಸಿಯೇಷನ್‌ಗೆ ಕೊಡುವ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಇಲ್ಲ.

ಭಾಷೆಯ ಚಿಂತೆ ಬೇಡ. ಈ ಕಡೆ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತವೆ. ಚಿಂತೆ ಮಾಡುವುದಾದರೆ ಆನೆಗಳದ್ದು ಮಾಡಿ. ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟ ಕಾಡಿನ ಕಡೆಯಿಂದ ಹಿಂಡು ಬರುತ್ತವೆ. ಆಗ ಒಬ್ಬ ವಾಚ್‌ಮನ್ ಸಾಲುವುದಿಲ್ಲ. ಸೋಲಾರ್ ಬೇಲಿಯ ಖರ್ಚು ಬಜೆಟ್‌ನಲ್ಲಿದೆಯಾ ಅಂತ ಈಗಲೇ ಕೇಳಿ.