ಓದುಗರ ಪ್ರಶ್ನೆ: ಸಕುರಾ ಅರಳಿದ ಟೋಕಿಯೋದಲ್ಲಿ ಒಂದು ದಿನ

ಪ್ರಶ್ನೆ: ಮಾರ್ಚ್ ಕೊನೆಯ ವಾರ ಟೋಕಿಯೋದಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇನೆ. ಮಗ, ಸೊಸೆ ಇಬ್ಬರೂ ಕಚೇರಿಗೆ ಹೋಗುವವರು. ಹಾಗಾಗಿ ಒಂದು ದಿನ ನಾನೊಬ್ಬಳೇ ಓಡಾಡಬೇಕು. ವಯಸ್ಸು 67, ಮಂಡಿ ನೋವಿದೆ. ಎತ್ತರದ ಗೋಪುರ, ದೊಡ್ಡ ಮಳಿಗೆಗಳ ಆಸೆಯಿಲ್ಲ. ಸಕುರಾ (ಚೆರ್ರಿ) ಹೂವನ್ನೂ ನೋಡಬೇಕು, ಅಲ್ಲಿಯ ಜನ ದಿನಬೆಳಗಾದರೆ ಹೇಗೆ ಬದುಕುತ್ತಾರೆ ಎಂಬುದನ್ನೂ ನೋಡಬೇಕು. ಎಲ್ಲಿಗೆ ಹೋಗಲಿ?
– ನಿವೃತ್ತ ಶಿಕ್ಷಕಿ

ಉತ್ತರ: ಇಂಥ ಪತ್ರ ಬಂದರೆ ನನಗೆ ಬಹಳ ಸಂತೋಷ. ಹೂವಿನ ಬಗ್ಗೆ ಕೇಳುವವರು ನೂರು ಮಂದಿ, ಹೂವಿನ ಕೆಳಗೆ ಕೂತ ಜನರ ಬಗ್ಗೆ ಕೇಳುವವರು ಅಪರೂಪ. ಎಲ್ಲರೂ ನಿಮ್ಮನ್ನು ಉಯೆನೊ ಪಾರ್ಕಿಗೆ, ಇಲ್ಲವೇ ಮೆಗುರೊ ನದಿಯ ದಂಡೆಗೆ ಕಳಿಸುತ್ತಾರೆ. ಚೆಂದದ ಜಾಗಗಳೇ. ಆದರೆ ಮೆಗುರೊದಲ್ಲಿ ಸಂಜೆ ಹೊತ್ತು ಒಂದು ನಿಮಿಷ ನಿಂತು ನೋಡುತ್ತೇನೆಂದರೂ ಹಿಂದಿನ ಜನಸಾಗರ ಬಿಡುವುದಿಲ್ಲ. ನೀವು ನಗರದ ಉತ್ತರ ಭಾಗಕ್ಕೆ ಹೋಗಿ. ನಾನು ಅಲ್ಲೇ ಮನೆ ಮಾಡಿಕೊಂಡಿರುವವಳು, ಮೆಟ್ಟಿಲು ಎಲ್ಲಿ, ಬೆಂಚು ಎಲ್ಲಿ ಎಂದು ತಿಳಿದೇ ಹೇಳುತ್ತಿದ್ದೇನೆ.

ಬೆಳಿಗ್ಗೆ ಒಂಬತ್ತೂವರೆ ಕಳೆಯಲಿ, ಕಚೇರಿಯ ನೂಕುನುಗ್ಗಲು ಇಳಿಯುತ್ತದೆ. ನಗರವನ್ನು ಸುತ್ತುವ ಯಮಾನೊತೆ ರೈಲಿನಲ್ಲಿ ಕೊಮಾಗೊಮೆ ನಿಲ್ದಾಣದಲ್ಲಿ ಇಳಿಯಿರಿ. ಅದರ ಪಕ್ಕದಲ್ಲೇ ಹಿಂದೆ ಸೊಮೆಯ್ ಎಂಬ ಹಳ್ಳಿಯಿತ್ತು, ಊರಿಗೆ ಊರೇ ತೋಟಗಾರರದು. ಜಪಾನಿನಲ್ಲಿ ಇಂದು ಎಲ್ಲಿ ನೋಡಿದರೂ ಕಾಣುವ ಸೊಮೆಯ್ ಯೊಶಿನೊ ಎಂಬ ಸಕುರಾ ತಳಿ ಇಲ್ಲಿಂದಲೇ ಹೊರಟಿದ್ದು. ಬೀಜದಿಂದಲ್ಲ, ನಮ್ಮ ಕಸಿ ಮಾವಿನಂತೆ ರೆಂಬೆಯಿಂದ ರೆಂಬೆಗೆ ಕಸಿ ಕಟ್ಟಿಯೇ ಬೆಳೆಸಿದ ಮರ ಅದು. ಲಕ್ಷಾಂತರ ಮರಗಳಿದ್ದರೂ ಒಳಗೆ ಎಲ್ಲವೂ ಒಂದೇ ಮರ. ಅದಕ್ಕೇ ಒಂದು ಬೀದಿಯ ಸಾಲುಮರಗಳೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಎಲೆ ಮೂಡುವ ಮೊದಲೇ ಹೂವು ಬರುವುದರಿಂದ ಬರಿಯ ಕಪ್ಪು ಕೊಂಬೆ, ಬರಿಯ ಹೂವು, ನಡುವೆ ಹಸಿರಿನ ಸುಳಿವಿಲ್ಲ.

ನಿಲ್ದಾಣದ ಹತ್ತಿರ ರಿಕುಗಿಯೆನ್ ಎಂಬ ಹಳೆಯ ಉದ್ಯಾನವಿದೆ. 1702ರಲ್ಲಿ ಪೂರ್ಣಗೊಂಡದ್ದು. ಪ್ರವೇಶಕ್ಕೆ 300 ಯೆನ್, 65 ದಾಟಿದವರಿಗೆ ಅರ್ಧ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಅಲ್ಲಿರುವ ದೊಡ್ಡ ಜೋಲುಕೊಂಬೆಯ ಸಕುರಾ ಸೊಮೆಯ್ ಯೊಶಿನೊಗಿಂತ ಕೆಲವು ದಿನ ಮೊದಲೇ ಅರಳುತ್ತದೆ. ನೀವು ಹೋಗುವ ವೇಳೆಗೆ ಉದುರಲು ತೊಡಗಿದ್ದರೆ ನಿರಾಸೆಪಡಬೇಡಿ, ಮುಂದೆ ಹೂವಿಗೆ ಬರವಿಲ್ಲ.

ಅಲ್ಲಿಂದ ಒಂದೇ ನಿಲ್ದಾಣ ಮುಂದೆ ಸುಗಾಮೊ. ನೀವು ನಿಜವಾಗಿ ನಿಧಾನಿಸಬೇಕಾದ ಜಾಗ ಇದು. ಜಿಜೊ-ದೋರಿ ಎಂಬ ಅಂಗಡಿ ಬೀದಿ ಹಿರಿಯರದೇ ಬೀದಿ. ಮೆತ್ತನೆಯ ಚಪ್ಪಲಿ, ಊರುಗೋಲು, ಒಣಗಿಸಿದ ಕಡಲಕಳೆ, ಚಹಾ ಸೊಪ್ಪು. ಮೈಗೆ ಬೆಚ್ಚಗೆ, ಶುಭವೆಂದು ಜನ ಕೊಳ್ಳುವ ಕೆಂಪು ಒಳಉಡುಪಿನದೇ ಒಂದು ಅಂಗಡಿಯಿದೆ. ಬೆಲೆಯ ಚೀಟಿಗಳನ್ನು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ, ಯಾರೂ ಕನ್ನಡಕ ಹುಡುಕಬೇಕಾಗಿಲ್ಲ. ತಿಂಗಳಲ್ಲಿ 4, 14, 24ನೇ ತಾರೀಕು ಇಲ್ಲಿ ಜಾತ್ರೆ. ನೀವು 24ಕ್ಕೆ ಮೊದಲೇ ತಲುಪುವುದಾದರೆ ಅದೇ ದಿನ ಹೋಗಿ.

ಬೀದಿಯ ಮಧ್ಯೆ ಕೊಗಾನ್‌ಜಿ ದೇವಾಲಯ. ಅಂಗಳದಲ್ಲಿ ಕನ್ನೋನ್ ದೇವಿಯ ಪುಟ್ಟ ಕಲ್ಲಿನ ಮೂರ್ತಿಯಿದೆ. ಮೈಯಲ್ಲಿ ಎಲ್ಲಿ ನೋವಿದೆಯೋ ಮೂರ್ತಿಯ ಅದೇ ಜಾಗಕ್ಕೆ ನೀರೆರೆದು ಬಿಳಿ ಬಟ್ಟೆಯಿಂದ ಒರೆಸುವುದು ಪದ್ಧತಿ. ಹಿಂದೆ ಬ್ರಷ್‌ನಿಂದ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಹಳೆಯ ಮೂರ್ತಿಯ ಮುಖವೇ ಸವೆದುಹೋಯಿತು. ಈಗಿನದು 1992ರಲ್ಲಿ ಪ್ರತಿಷ್ಠಾಪಿಸಿದ್ದು, ಅಂದಿನಿಂದ ಬಟ್ಟೆ ಮಾತ್ರ. ಸರತಿಯಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ. ಒಬ್ಬರು ಭುಜ ಒರೆಸುತ್ತಾರೆ, ಇನ್ನೊಬ್ಬರು ಸೊಂಟ. ಮತ್ತೊಬ್ಬರು ಮೂರ್ತಿಯ ಎದೆಯ ಮೇಲೆ ಬಟ್ಟೆಯನ್ನು ಒತ್ತಿ ಹಿಡಿದು ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಹಿಂದಿರುವವರು ಅವಸರಪಡಿಸುವುದಿಲ್ಲ. ಯಾರ ಮನೆಯಲ್ಲಿ ಯಾರಿಗೆ ಏನಾಗಿದೆ ಎಂದು ಕೇಳದೆಯೇ ತಿಳಿಯುತ್ತದೆ. ನೀವೂ ಒಂದು ಬಟ್ಟೆ ಕೊಂಡು ನಿಮ್ಮ ಮಂಡಿಗಾಗಿ ಬೇಡಿಕೊಳ್ಳಿ. ನೀವು ಯಾವ ದೇಶದವರೆಂದು ಅಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ.

ಬೀದಿಯ ಇನ್ನೊಂದು ತುದಿ ಕೊಶಿನ್‌ಜುಕಾ ಟ್ರಾಮ್ ನಿಲ್ದಾಣಕ್ಕೆ ಮುಟ್ಟುತ್ತದೆ. ಒಂದೇ ಬೋಗಿಯ ಟ್ರಾಮ್. ಮುಂದಿನ ಬಾಗಿಲಿಂದ ಹತ್ತಿ, ಹತ್ತುವಾಗಲೇ ಹಣ ಕೊಡಿ. ಎಲ್ಲಿ ಇಳಿದರೂ ಒಂದೇ ದರ. ಮನೆಗಳ ಹಿತ್ತಿಲಿಗೆ ತಾಗಿಕೊಂಡೇ ಹೋಗುವುದರಿಂದ ಒಗೆದು ಹರವಿದ ಬಟ್ಟೆ, ಬಿಸಿಲಿಗೆ ಹಾಕಿದ ಹಾಸಿಗೆ, ಕುಂಡದ ಗಿಡ ಎಲ್ಲವೂ ಕಿಟಕಿಯ ಪಕ್ಕಕ್ಕೇ ಬರುತ್ತವೆ. ಟ್ರಾಮಿನೊಳಗೆ ಯಾರೂ ಮೊಬೈಲಿನಲ್ಲಿ ಮಾತನಾಡುವುದಿಲ್ಲ. ಮಗನ ಕರೆ ಬಂದರೆ ಇಳಿದ ಮೇಲೆ ಮಾತನಾಡಿ.

ಓಜಿ ನಿಲ್ದಾಣದಲ್ಲಿ ಇಳಿದರೆ ಅಸುಕಾಯಾಮಾ ಗುಡ್ಡ ಎದುರಿಗೇ ಇದೆ. ಏರಬೇಕಾಗಿಲ್ಲ. ಹಳಿಯ ಮೇಲೆ ಏರುವ ಪುಟ್ಟ ಬೋಗಿಯೊಂದು ನಿಮ್ಮನ್ನು ಉಚಿತವಾಗಿ ಮೇಲೆ ಒಯ್ಯುತ್ತದೆ. 1720ರ ಹೊತ್ತಿಗೆ ಆಗ ನಾಡನ್ನಾಳುತ್ತಿದ್ದ ಸೇನಾಧಿಪತಿ, ಶೋಗನ್ ತೊಕುಗಾವ ಯೊಶಿಮುನೆ ಇಲ್ಲಿ ಸಕುರಾ ನೆಡಿಸಿ ಸಾಮಾನ್ಯ ಜನರಿಗೆ ಬಿಟ್ಟುಕೊಟ್ಟ. ಅರಮನೆ, ದೇವಾಲಯಗಳ ಅಂಗಳದ ಹೂವು ಒಂದು ತರಹ, ಜನ ಬುತ್ತಿ ಕಟ್ಟಿಕೊಂಡು ಬಂದು ಹಾಡಿ ಕುಣಿಯಲೆಂದೇ ನೆಟ್ಟ ಹೂವು ಇನ್ನೊಂದು ತರಹ. ನನಗೆ ಈ ಎರಡನೆಯದೇ ಹೆಚ್ಚು ಇಷ್ಟ.

ನೀಲಿ ಟಾರ್ಪಾಲಿನ ಅಂಚಿನಲ್ಲಿ ಚಪ್ಪಲಿ, ಬೂಟುಗಳ ಸಾಲು ಇರುತ್ತದೆ. ನಡುವೆ ಡಬ್ಬಿ ಬಿಚ್ಚುವ ಕುಟುಂಬ, ಒಂದೇ ಬಣ್ಣದ ಟೋಪಿ ಹಾಕಿದ ಶಿಶುವಿಹಾರದ ಮಕ್ಕಳು, ಸಹೋದ್ಯೋಗಿಗಳು ಬರಲೆಂದು ಜಾಗ ಹಿಡಿದು ಒಬ್ಬನೇ ಕೂತ ಯುವಕ. ಜಪಾನಿನಲ್ಲಿ ಶಾಲೆಯ ವರ್ಷ, ಕಚೇರಿಯ ವರ್ಷ ಎರಡೂ ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಬೀಳ್ಕೊಡುಗೆ, ವರ್ಗಾವಣೆ, ಹೊಸ ಕೆಲಸ ಎಲ್ಲವೂ ಈ ಹೂವಿನ ಹತ್ತು ದಿನಗಳ ಆಸುಪಾಸಿನಲ್ಲೇ ಬರುತ್ತವೆ. ಅದಕ್ಕೇ ಇಲ್ಲಿನವರು ಈ ಮರದ ಕೆಳಗೆ ನಗುವುದಷ್ಟೇ ಅಲ್ಲ, ಕಣ್ಣೊರೆಸಿಕೊಳ್ಳುವುದೂ ಉಂಟು. ಅಂದ ಹಾಗೆ, 2024ರಿಂದ ಹತ್ತು ಸಾವಿರ ಯೆನ್ ನೋಟಿನ ಮೇಲಿರುವ ಉದ್ಯಮಿ ಶಿಬುಸಾವ ಎಯಿಚಿಯ ಮನೆ ಇದೇ ಗುಡ್ಡದಲ್ಲಿತ್ತು. ಅವರ ವಸ್ತುಸಂಗ್ರಹಾಲಯವೂ ಅಲ್ಲಿದೆ.

ದಪ್ಪನೆಯ ಸ್ವೆಟರ್ ಮರೆಯಬೇಡಿ, ಹೂವಿನ ಕಾಲದಲ್ಲೇ ಚಳಿ ಮರುಕಳಿಸುವುದು ಇಲ್ಲಿ ಮಾಮೂಲು. ಬೀದಿಯಲ್ಲಿ ಕಸದ ತೊಟ್ಟಿ ಸಿಗುವುದಿಲ್ಲ. ಒಂದು ಖಾಲಿ ಚೀಲವಿದ್ದರೆ ನಿಮ್ಮ ಕಸ ನಿಮ್ಮ ಜೊತೆಗೇ ಮನೆಗೆ ಬರುತ್ತದೆ. ಐದು ಗಂಟೆಯೊಳಗೆ ರೈಲು ಹತ್ತಿಬಿಡಿ.

ಪ್ರಶ್ನೆ: ನಾವು ಮಾಂಸ, ಮೀನು ತಿನ್ನುವುದಿಲ್ಲ. ಹೊರಗೆ ಏನು ಸಿಗುತ್ತದೆ?

ಉತ್ತರ: ಊಟಕ್ಕೆ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ. ಮರದ ಕೆಳಗೆ ಡಬ್ಬಿ ಬಿಚ್ಚುವುದು ಈ ಕಾಲದಲ್ಲಿ ಇಲ್ಲಿನವರದೇ ಸಂಪ್ರದಾಯ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಹೋಟೆಲಿನ ತೊಂದರೆ ಕಣ್ಣಿಗೆ ಕಾಣುವ ಮೀನಲ್ಲ, ಸಾರಿನಲ್ಲಿ ಕರಗಿದ ಮೀನು. ನೂಡಲ್ಸ್ ತಿನಿಸುಗಳಾದ ಸೋಬಾ, ಉದೋನ್‌ಗಳ ಸಾರನ್ನು ಸಾಮಾನ್ಯವಾಗಿ ಒಣಮೀನಿನಿಂದ ತೆಗೆಯುತ್ತಾರೆ. ಅನ್ನ ತುಂಬುವ ಇನಾರಿ ಸುಶಿಯ ತೋಫು ಚೀಲವನ್ನೂ ಹೆಚ್ಚಾಗಿ ಅದರಲ್ಲೇ ಬೇಯಿಸಿರುತ್ತಾರೆ. ಉಪ್ಪಿನಕಾಯಿ ಹಾಕಿದ ಉಮೆ ಹಣ್ಣು ತುಂಬಿದ ಅನ್ನದ ಉಂಡೆಯಲ್ಲೂ ಮೀನಿನ ಸಾರ ಸೇರಿರಬಹುದು, ಪೊಟ್ಟಣದ ಮೇಲಿನ ಪಟ್ಟಿಯನ್ನು ಮೊಬೈಲಿನಲ್ಲಿ ಅನುವಾದಿಸಿ ನೋಡಿ. ಸಿಹಿಯಲ್ಲಿ ಮಾತ್ರ ಬಹುಮಟ್ಟಿಗೆ ನಿಶ್ಚಿಂತೆ. ಸುಗಾಮೊದ ಉಪ್ಪು ಬೆರೆಸಿದ ದೈಫುಕು (ಹೂರಣ ತುಂಬಿದ ಅಕ್ಕಿಯ ಉಂಡೆ) ಹೆಸರುವಾಸಿ. ಸಕುರಾ ಮೊಚಿಯಂತೂ ಬಿಡಲೇಬಾರದು. ಉಪ್ಪಿನಲ್ಲಿ ನೆನೆಸಿಟ್ಟ ಸಕುರಾ ಎಲೆ ಸುತ್ತಿರುತ್ತಾರೆ. ಒಳಗೆ ಸಿಹಿ ಹೂರಣ, ಹೊರಗೆ ಉಪ್ಪೆಲೆ, ಜೊತೆಗೆ ಆ ಎಲೆಗೇ ಸಲ್ಲುವ ಒಂದು ಘಮ.

ಪ್ರಶ್ನೆ: ನಮಗೆ ಏಪ್ರಿಲ್ ಮಧ್ಯಕ್ಕೆ ಟಿಕೆಟ್ ಸಿಕ್ಕಿದೆ. ಹೂವು ಮುಗಿದಿರುತ್ತದೆಯೇ?

ಉತ್ತರ: ಟೋಕಿಯೋದಲ್ಲಿ ಸೊಮೆಯ್ ಯೊಶಿನೊ ಬಹುತೇಕ ಮುಗಿದಿರುತ್ತದೆ. ಯಸುಕುನಿ ಮಂದಿರದ ಒಂದು ಮರದಲ್ಲಿ ಐದಾರು ಹೂವು ಬಿಟ್ಟರೆ ಹವಾಮಾನ ಇಲಾಖೆ ಹೂಬಿಟ್ಟಿತೆಂದು ಘೋಷಿಸುತ್ತದೆ. ಅದು 2023ರಲ್ಲಿ ಮಾರ್ಚ್ 14, 2024ರಲ್ಲಿ ಮಾರ್ಚ್ 29. ಹದಿನೈದು ದಿನಗಳ ಅಂತರ! ಆದ್ದರಿಂದ ದಿನಾಂಕ ನಂಬಿ ಕೊರಗಬೇಡಿ. ನಗರದ ದೊಡ್ಡ ಉದ್ಯಾನ ಶಿಂಜುಕು ಗ್ಯೋಯೆನ್‌ನಲ್ಲಿ ಹಲವು ಎಸಳಿನ ತಡವಾದ ತಳಿಗಳು ಏಪ್ರಿಲ್ ಮಧ್ಯದ ನಂತರವೂ ಇರುತ್ತವೆ, ಮದ್ಯಕ್ಕೆ ಅವಕಾಶವಿಲ್ಲದ ಕಾರಣ ಗದ್ದಲವೂ ಕಡಿಮೆ. ತಿಂಗಳ ಕೊನೆಯವರೆಗೆ ಇರುವುದಾದರೆ ಉತ್ತರ ಜಪಾನಿನ ಹಿರೊಸಾಕಿ ಊರಿಗೆ ಹೋಗಿ. ಅಲ್ಲಿ 1882ರಲ್ಲಿ ನೆಟ್ಟ ಸೊಮೆಯ್ ಯೊಶಿನೊ ಇಂದಿಗೂ ಹೂಬಿಡುತ್ತಿದೆ. ಸಕುರಾ ಕೊಂಬೆ ಕತ್ತರಿಸಬಾರದೆಂಬ ನಂಬಿಕೆಯಿದ್ದ ನಾಡಿನಲ್ಲಿ ಹಿರೊಸಾಕಿಯವರು ಸೇಬಿನ ತೋಟದ ಸವರುವಿಕೆಯನ್ನೇ ಸಕುರಾಕ್ಕೂ ತಂದು ಮುದಿ ಮರಗಳಿಗೆ ಆಯುಷ್ಯ ಕೊಟ್ಟರು.

ಪ್ರಶ್ನೆ: ಕೊಂಬೆಯನ್ನು ಮುಖದ ಹತ್ತಿರ ಎಳೆದುಕೊಂಡು ಫೋಟೊ ತೆಗೆಸಿಕೊಳ್ಳಬಹುದೇ?

ಉತ್ತರ: ದಯವಿಟ್ಟು ಬೇಡ. ಹೂಬಿಟ್ಟ ರೆಂಬೆ ಸುಲಭವಾಗಿ ಮುರಿಯುತ್ತದೆ, ಮುರಿದ ಗಾಯದಿಂದ ಕೊಳೆ ಒಳಗಿಳಿಯುತ್ತದೆ. ಬುಡದ ಬೇರನ್ನೂ ತುಳಿಯಬೇಡಿ. ಮಣ್ಣು ಗಟ್ಟಿಯಾದರೆ ಬೇರಿಗೆ ಉಸಿರಾಡಲು ಕಷ್ಟ. ಬಾಗಿದ ಕೊಂಬೆಯ ಪಕ್ಕದಲ್ಲಿ ನೀವೇ ಹೋಗಿ ನಿಂತರೆ ಫೋಟೊ ಅಷ್ಟೇ ಚೆನ್ನಾಗಿ ಬರುತ್ತದೆ. ಬೇರೆಯವರ ಮಕ್ಕಳು ಚೌಕಟ್ಟಿನೊಳಗೆ ಬಂದರೆ ಅವರ ತಂದೆತಾಯಿಯನ್ನು ಕೇಳಿಯೇ ತೆಗೆಯಿರಿ.