ರ‍್ಯಾಕ್ ಕೇಸಿನಲ್ಲಿ 18 ಕೆಜಿ ಗಿಟಾರ್ ಆಂಪ್ ಕೂರಿಸಲು ನಾಲ್ಕು ಸ್ಕ್ರೂ ಸಾಕಾ, ಆರು ಬೇಕಾ?

ಅಯ್ಯೋ, ಸ್ಕ್ರೂ ಲೆಕ್ಕ ಬಿಡಿ. ನನ್ನದೂ ಇಂಥದ್ದೇ, ಗಾಜಿನ ಟ್ಯೂಬ್‌ಗಳಿರುವ ಪವರ್ ಆಂಪ್, 2ಯು ಎತ್ತರ (ರ‍್ಯಾಕಿನ ಅಳತೆ, ಸುಮಾರು ಮೂರೂವರೆ ಇಂಚು), 18 ಕೆಜಿ. ಮುಂದಿನ ಕಿವಿಗಳಿಗೆ, ಅಂದರೆ ಕೇಸಿನ ರೈಲಿಗೆ (ತೂತುಗಳಿರುವ ಲೋಹದ ಪಟ್ಟಿ) ಆನಿಸಿ ಬಿಗಿಯುವ ತಗಡಿನ ಅಂಚುಗಳಿಗೆ, ನಾಲ್ಕು ಸ್ಕ್ರೂ ಬಿಗಿದೆ. ಕೈಯಲ್ಲಿ ಅಲ್ಲಾಡಿಸಿ ನೋಡಿದೆ. ಕಲ್ಲಿನ ಕೋಟೆ ಅಂದುಕೊಂಡೆ.

ಗಣಪತಿ ಸೀಸನ್. ನಮ್ಮ ಆರ್ಕೆಸ್ಟ್ರಾ ದಾವಣಗೆರೆಯಿಂದ ಹೊರಟು, ಚಿತ್ರದುರ್ಗ ದಾಟಿ, ಚಳ್ಳಕೆರೆ ಕಡೆಯ ಒಂದು ಹಳ್ಳಿಗೆ ಹೋಗಬೇಕಿತ್ತು. ಕೇಸ್ ಟಾಟಾ ಏಸ್‌ನಲ್ಲಿ, ನಾನು ಡ್ರೈವರ್ ಪಕ್ಕ. ದುರ್ಗದವರೆಗೆ ಹೈವೇ, ತೊಂದರೆ ಇಲ್ಲ. ಹಳ್ಳಿ ರಸ್ತೆ ಶುರುವಾಗಿ ನಾಲ್ಕನೇ ಹಂಪ್ ಹಾರಿದಾಗ ಡ್ರೈವರ್ ತಿರುಗಿ ನೋಡಿದ: "ಅಣ್ಣಾ, ಹಿಂದೆ ಬಳೆ ಚೂರು ಅಲ್ಲಾಡಿದಂಗೆ ಸದ್ದು ಬರ್ತೈತೆ."

ಬಳೆ ಅಲ್ಲ, ಟ್ಯೂಬ್. ಆಂಪಿನ ಹಿಂಭಾಗ ಜಗ್ಗಿ ಕೆಳಗಿದ್ದ ಪ್ರಿಆಂಪ್ (ಗಿಟಾರ್ ಸದ್ದನ್ನು ಮೊದಲು ಹದ ಮಾಡುವ ಪೆಟ್ಟಿಗೆ) ಮೇಲೆ ಕೂತಿತ್ತು. ಪ್ರಿಆಂಪಿನ ಎರಡು ಸಾಕೆಟ್ ಮುರಿದಿದ್ದವು. ಆ ರಾತ್ರಿ ಗಿಟಾರನ್ನು ನೇರ ಮಿಕ್ಸರ್‌ಗೆ ಕೊಟ್ಟು ನುಡಿಸಿದೆ. ಸೊಳ್ಳೆ ಹಾಡಿದ ಹಾಗಿತ್ತು.

ನನ್ನ ತಪ್ಪು ಏನು ಗೊತ್ತಾ? ಹಿಂದೆ ಆಸರೆ ಕೊಡಲಿಲ್ಲ. ಅಷ್ಟೇ. ಆದರೆ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾರೂ ನನಗೆ ಹೇಳಿರಲಿಲ್ಲ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟರೆ ನಡೆಯಬಹುದು, ಕೈ ಚಾಚಿ ಹಿಡಿಯಿರಿ ನೋಡೋಣ. ಕಿವಿಯಲ್ಲಿ ಮಾತ್ರ ನೇತಾಡುವ ಆಂಪ್ ಆ ಚಾಚಿದ ಕೈ. ಟ್ರಾನ್ಸ್‌ಫಾರ್ಮರ್‌ಗಳಿಂದಾಗಿ ನನ್ನ ಆಂಪಿನ ಭಾರ ಕಿವಿಯಿಂದ ಸುಮಾರು 8 ಇಂಚು ಹಿಂದೆ ಬೀಳುತ್ತದೆ. ಹಿಂಭಾಗ ಕೆಳಕ್ಕೆ ಜಗ್ಗಿದಾಗ ಕಿವಿಯ ಮೇಲಂಚು ರೈಲಿಗೆ ಒತ್ತಿಕೊಳ್ಳುತ್ತದೆ, ಕೆಳಗಂಚು ಮುಂದಕ್ಕೆ ಕಿತ್ತು ಬರಲು ನೋಡುತ್ತದೆ. ಅಂದರೆ ಏಟು ಬೀಳುವುದು ಕೆಳಗಿನ ಎರಡು ಸ್ಕ್ರೂಗೆ. ನಾನು ಮೇಲಿನವನ್ನೇ ಜಾಸ್ತಿ ಬಿಗಿದಿದ್ದೆ, ಬುದ್ಧಿವಂತ! 2ಯು ಕಿವಿಯಲ್ಲಿ ಮೇಲಿನ ತೂತಿಗೂ ಕೆಳಗಿನದಕ್ಕೂ ಸುಮಾರು 3 ಇಂಚು. 18ನ್ನು 8ರಿಂದ ಗುಣಿಸಿ 3ರಿಂದ ಭಾಗಿಸಿ: 48 ಕೆಜಿ ಎಳೆತ. ಅದೂ ಗಾಡಿ ನಿಂತಿದ್ದಾಗ. ಹಂಪ್ ಹಾರಿದರೆ ಎಷ್ಟು ಪಟ್ಟೋ. ಕಿವಿ ಎರಡೂ ಸೊಟ್ಟಗಾಗಿದ್ದವು, ಒಂದು ಸ್ಕ್ರೂ ಥ್ರೆಡ್ ಸವೆದು ಕೈಗೇ ಬಂತು.

ಹಾಗಾಗಿ ಆರು ಸ್ಕ್ರೂ ಹಾಕಿದರೂ ಕಿವಿಯ ತಗಡು ಅದೇ ತಗಡು ಅಲ್ವಾ?

ಕೇಸಿಗೆ ಹಿಂದೆಯೂ ರೈಲ್ ಇದ್ದರೆ, ಮುಂದೆ ಹಿಂದೆ ಎರಡೂ ಕಡೆ ಕಚ್ಚುವ ಟ್ರೇ ಹಾಕಿ ಅದರ ಮೇಲೆ ಆಂಪ್ ಕೂರಿಸಿ. ಇಲ್ಲದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಎಲ್ ಆಂಗಲ್ ತುಂಡು ಮಾಡಿಸಿ, ಕೇಸಿನ ಎರಡೂ ಪಕ್ಕಕ್ಕೆ ಒಳಗಿನಿಂದ ಬೋಲ್ಟ್ ಮಾಡಿ. ಮರದ ಸ್ಕ್ರೂ ಬೇಡವೇ ಬೇಡ, ಬೋಲ್ಟ್ ಕೇಸಿನ ಪ್ಲೈವುಡ್ ತೂರಿ ಬರಲಿ, ಹೊರಗೆ ದೊಡ್ಡ ವಾಷರ್ ಕೂರಲಿ. ಆಂಪಿನ ತೂಕ ಪೂರ್ತಿ ಆಂಗಲ್ ಮೇಲೆ ಕೂರಬೇಕು, ಕಿವಿಯ ಸ್ಕ್ರೂ ಅದು ಮುಂದೆ ಜಾರದ ಹಾಗೆ ಹಿಡಿದರೆ ಸಾಕು. ನಾನು ಹಾಗೇ ಮಾಡಿಸಿದೆ. ರಿಪೇರಿಗೆ ಹೋದ ದುಡ್ಡಿನ ಮುಂದೆ ಅದು ಮಂಡಕ್ಕಿ ಮಿರ್ಚಿ ಖರ್ಚು.

ಆಂಪನ್ನು ಕೆಳಗಿನ ಜಾಗದಲ್ಲೇ ಇಡಿ. ನಾಬ್ ಕೈಗೆ ಸಿಗಲಿ ಅಂತ ನಾನು ಮೇಲಿಟ್ಟಿದ್ದೆ, ಸುಮ್ನೆ ಸೋಮಾರಿತನ. ಮೇಲೆ 1ಯು ಖಾಲಿ ಬಿಡಿ, ಟ್ಯೂಬ್ ಬಿಸಿಯಾಗುತ್ತದೆ. ಕಿವಿಗೆ ಎಂ6 (6 ಮಿಮೀ ದಪ್ಪದ) ಸ್ಕ್ರೂ, ಕೇಜ್ ನಟ್ (ರೈಲಿನ ಚೌಕ ತೂತಿಗೆ ಸಿಕ್ಕಿಸುವ ನಟ್), ನೈಲಾನ್ ವಾಷರ್ ಹಾಕಿ. ಪ್ರತಿ ಪ್ರೋಗ್ರಾಂ ಮುಂಚೆ ಒಮ್ಮೆ ತಿರುಗಿಸಿ ನೋಡಿ, ಅಲುಗಾಡಿ ಸಡಿಲಾಗಿರುತ್ತವೆ. ಗಾಡಿಯಲ್ಲಿ ಕೇಸನ್ನು ಮಲಗಿಸಬೇಡಿ. ಜಾಗ ಸಾಲದಿದ್ದರೆ ಡ್ರಮ್ಸ್‌ನವರಿಗೆ ಇನ್ನೊಂದು ಗಾಡಿ ಮಾಡಿಕೊಳ್ಳಲು ಹೇಳಿ!

ಅಂದ ಹಾಗೆ ನಿಮ್ಮ ಕೇಸಿಗೆ ಹಿಂದೆ ರೈಲ್ ಇದೆಯಾ ಅಂತ ಬರೆದೇ ಇಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿ ಹೇಳಿ. ಒಳಗಿನ ಆಳವನ್ನೂ ಅಳೆಯಿರಿ, ಆಂಗಲ್ ಎಷ್ಟು ಉದ್ದ ಬೇಕು ಅಂತ ಹೇಳುತ್ತೇನೆ.